ಕಣ್ಣೆದುರೇ ಇದ್ದದ್ದು ಕಾಣಲಿಲ್ಲವೇಕೆ?

ಪ್ರಶ್ನೆ: ನಮ್ಮದು ಅರೇಬಿಕಾ ಕಾಫಿ ತೋಟ. ಬೋರರ್ (ಕಾಂಡ ಕೊರೆಯುವ ಹುಳು) ಹುಡುಕಲು ಬಿಟ್ಟ ಆಳುಗಳು "ಏನೂ ಇಲ್ಲ" ಎಂದು ದಾಟಿ ಹೋದ ಸಾಲಿನಲ್ಲೇ ಮಾರನೇ ದಿನ ಕಾಂಡದ ಮೇಲೆ ಉಬ್ಬುಗೆರೆ ಎದ್ದ ಗಿಡಗಳು ಸಿಗುತ್ತವೆ. ಅವರ ಕಣ್ಣು ಪರೀಕ್ಷೆ ಮಾಡಿಸಿದೆ, ದೋಷವಿಲ್ಲ. ಇದು ಉದಾಸೀನವೇ?
– ಸೋಮವಾರಪೇಟೆ ಕಡೆಯ ಬೆಳೆಗಾರರು

ಉತ್ತರ: ಸ್ವಲ್ಪ ಉದಾಸೀನ ಇರಲೂಬಹುದು. ಆದರೆ ಇಡೀ ತಪ್ಪನ್ನು ಅದರ ತಲೆಗೆ ಕಟ್ಟಬೇಡಿ. ಕಣ್ಣಿನ ಪರೀಕ್ಷೆ ಅಳೆಯುವುದು ಕಣ್ಣನ್ನು. ಕಣ್ಣು ತಂದದ್ದರಲ್ಲಿ ಯಾವುದನ್ನು ಮುಂದಕ್ಕೆ ಬಿಡಬೇಕು ಎಂಬ ಮಿದುಳಿನ ಆಯ್ಕೆಯನ್ನು ಅದು ಅಳೆಯುವುದಿಲ್ಲ. ನಮಗೆ ಚೊಕ್ಕವಾಗಿ ಕಾಣುವ ಭಾಗವೇ ಬಲು ಚಿಕ್ಕದು: ಕೈ ಚಾಚಿದಾಗ ಹೆಬ್ಬೆರಳಿನ ಉಗುರು ಮುಚ್ಚುವಷ್ಟು, ಅಂದರೆ ಸುಮಾರು 2 ಡಿಗ್ರಿ. ಉಳಿದದ್ದನ್ನು ನೋಡಲು ಕಣ್ಣು ಸೆಕೆಂಡಿಗೆ ಮೂರು ಸಲದಷ್ಟು ಜಿಗಿಯುತ್ತಿರುತ್ತದೆ. ಹಾಗೆ ಜಿಗಿದು ರೋಗದ ಗಿಡದ ಮೇಲೇ ನಿಂತರೂ ಅದು ಕಂಡಿತು ಎನ್ನುವಂತಿಲ್ಲ.

1985ರಲ್ಲಿ ಮೊರಾನ್ ಮತ್ತು ಡೆಸಿಮೋನ್ ಕೋತಿಗಳ ಮಿದುಳಿನಲ್ಲಿ ವಿ4 ಎಂಬ ದೃಷ್ಟಿಭಾಗದ ನರಕೋಶಗಳನ್ನು ಪರೀಕ್ಷಿಸಿದರು. ಒಂದು ಕೋಶದ ವ್ಯಾಪ್ತಿಯೊಳಗೆ ಎರಡು ಆಕೃತಿಗಳನ್ನಿಟ್ಟು ಒಂದಕ್ಕೆ ಮಾತ್ರ ಗಮನ ಕೊಡುವಂತೆ ಕೋತಿಯನ್ನು ಪಳಗಿಸಿದಾಗ, ಇನ್ನೊಂದು ಅಲ್ಲಿ ಇಲ್ಲವೇನೋ ಎಂಬಂತೆ ಕೋಶ ವರ್ತಿಸಿತು. ದೃಷ್ಟಿ ಕದಲಿರಲಿಲ್ಲ, ಪರದೆಯ ಮೇಲಿನದ್ದೂ ಬದಲಾಗಿರಲಿಲ್ಲ. ಮನುಷ್ಯರಲ್ಲಿ ಇದರ ಹರವು ಇನ್ನೂ ದೊಡ್ಡದು. 2013ರಲ್ಲಿ ಬರ್ಕ್ಲಿಯ ಜ್ಯಾಕ್ ಗ್ಯಾಲಂಟ್ ಅವರ ತಂಡ ಎಂಆರ್‌ಐ ಯಂತ್ರದೊಳಗೆ ಮಲಗಿದವರಿಗೆ ಚಲನಚಿತ್ರದ ತುಣುಕುಗಳನ್ನು ತೋರಿಸಿ, ಒಮ್ಮೆ ಮನುಷ್ಯರನ್ನು, ಇನ್ನೊಮ್ಮೆ ವಾಹನಗಳನ್ನು ಹುಡುಕಲು ಹೇಳಿತು. ಹುಡುಕುವುದು ಬದಲಾದಂತೆ ಮಿದುಳಿನ ಅನೇಕ ಭಾಗಗಳ ಒಲವು ಅದರ ಕಡೆಗೂ ಅದಕ್ಕೆ ಹತ್ತಿರದ ವಸ್ತುಗಳ ಕಡೆಗೂ ವಾಲಿತು. ಸಂಬಂಧವಿಲ್ಲದವುಗಳ ಪಾಲು ಕುಗ್ಗಿತು. ಆದ್ದರಿಂದ "ಬೋರರ್ ನೋಡು, ಹಾಗೇ ಚಿಗುರು ತೆಗೆ, ಮೆಣಸಿನ ಬಳ್ಳಿಯನ್ನೂ ನೋಡಿಕೋ" ಎಂದು ಮೂರು ಕೆಲಸ ಒಟ್ಟಿಗೆ ಹೇಳಿದರೆ ಬೋರರ್‌ಗೆ ಸಿಗುವುದು ಅರೆಗಮನ.

ಆದರೆ ನಿಮ್ಮಲ್ಲಿ ಮುಖ್ಯ ಕಾರಣ ಬೋರರ್ ಹಿಡಿದ ಗಿಡಗಳ ವಿರಳತೆ ಎಂದು ನಮ್ಮ ಅನಿಸಿಕೆ. 2005ರಲ್ಲಿ ಜೆರೆಮಿ ವೂಲ್ಫ್ ತಂಡ ಸಾಮಾನು ತುಂಬಿದ ಚಿತ್ರಗಳಲ್ಲಿ ಉಪಕರಣವೊಂದನ್ನು ಹುಡುಕಿಸಿತು. ಅರ್ಧದಷ್ಟು ಚಿತ್ರಗಳಲ್ಲಿ ಅದು ಇದ್ದಾಗ ಜನರ ಕಣ್ಣಿಗೆ ತಪ್ಪಿದ್ದು ಸುಮಾರು ಶೇ 7. ನೂರರಲ್ಲಿ ಒಂದರಲ್ಲಿ ಮಾತ್ರ ಇದ್ದಾಗ ಸುಮಾರು ಶೇ 30. ಮೇಲಿಂದ ಮೇಲೆ "ಇಲ್ಲ" ಎಂದೇ ಉತ್ತರ ಬಂದಾಗ ಹುಡುಕಾಟ ಬೇಗ ನಿಲ್ಲಿಸುವ ಅಭ್ಯಾಸ ತಾನಾಗಿ ಬೆಳೆಯುತ್ತದೆ. "ಸರಿಯಾಗಿ ನೋಡಿ" ಎಂದು ಗದರಿದರೆ ಇದು ಹೋಗುವುದಿಲ್ಲ. ತೋಟದ ಮೇಲ್ವಿಚಾರಕ ರೈಟರೇ ಹಿಂದೆ ನಿಂತು ಕೂಗಿದರೂ ಅಷ್ಟೇ.

ಹೋಗಿಸಲು ದಾರಿ ಇದೆ. ಹಿಂದಿನ ದಿನ ಕಿತ್ತ ರೋಗದ ಕಾಂಡಗಳಲ್ಲಿ ಹತ್ತನ್ನು ಇಟ್ಟುಕೊಂಡು, ಅಷ್ಟೇ ಸಂಖ್ಯೆಯ ಒಳ್ಳೆ ಕಾಂಡಗಳ ಜೊತೆ ಬೆರೆಸಿ, ಬೆಳಿಗ್ಗೆ ಕೆಲಸಕ್ಕೆ ಮೊದಲು ಹತ್ತು ನಿಮಿಷ ಒಬ್ಬೊಬ್ಬರಿಂದಲೂ ವಿಂಗಡಿಸಿ. ಸರಿಯೋ ತಪ್ಪೋ ಎಂದು ಆ ಕ್ಷಣವೇ ಹೇಳಬೇಕು. ಸಂಜೆ ಹೇಳಿದರೆ ಪ್ರಯೋಜನವಿಲ್ಲ. ಬೇಕಾದ್ದು ಹೆಚ್ಚಾಗಿ ಸಿಗುವ ಇಂಥ ಚಿಕ್ಕ ಅಭ್ಯಾಸದಿಂದ ವಿರಳ ವಸ್ತುವನ್ನು ಹಿಡಿಯುವುದು ಸುಧಾರಿಸುತ್ತದೆ ಎಂದು ಅದೇ ತಂಡ 2007ರಲ್ಲಿ ತೋರಿಸಿದೆ. ಮುಗಿದ ಮೇಲೆ ಆ ಕಾಂಡಗಳನ್ನು ಮರೆಯದೆ ಸುಟ್ಟುಬಿಡಿ, ಒಳಗೆ ಹುಳು ಬದುಕಿರುತ್ತದೆ.

ಸಾಲಿನಲ್ಲಿ ಕಣ್ಣೊಂದನ್ನೇ ನಂಬಬಾರದು. ಬುಡದಿಂದ ಮೇಲಕ್ಕೆ ಕಾಂಡದ ಸುತ್ತ ಅಂಗೈ ಸವರಿದರೆ ಉಬ್ಬು ಕೈಗೆ ಸಿಗುತ್ತದೆ, ನೆರಳಿನಲ್ಲಿ ಕಣ್ಣು ತಪ್ಪಿಸಿದ್ದನ್ನು ಕೈ ಹಿಡಿಯುತ್ತದೆ. ಒಂದು ಗಿಡ ಸಿಕ್ಕ ಮೇಲೆ ಪಕ್ಕದ್ದನ್ನು ಹಗುರವಾಗಿ ನೋಡುವುದು ಇನ್ನೊಂದು ಚಾಳಿ. ಸಿಕ್ಕ ಕಡೆ ಸುತ್ತಲಿನ ಗಿಡಗಳನ್ನು ಎರಡನೇ ಸಲ ಸವರಿಸಿ. ಇನ್ನು ಅವಧಿ. ಎಡೆಬಿಡದೆ ಕಾದು ನೋಡುವ ಕೆಲಸದಲ್ಲಿ ಮೊದಲ ಅರ್ಧ ಗಂಟೆಯಲ್ಲೇ ಚುರುಕು ಕುಗ್ಗುವುದನ್ನು ಮ್ಯಾಕ್‌ವರ್ತ್ 1948ರಲ್ಲೇ ದಾಖಲಿಸಿದ್ದರು. ಅರ್ಧ ಗಂಟೆಗೊಮ್ಮೆ ಐದು ನಿಮಿಷ ಬೇರೆ ಕೆಲಸ ಕೊಡಿ. ಬೆಲ್ಲದ ಕಾಪಿ ಕೊಟ್ಟರೂ ಒಳ್ಳೆಯದೇ: ಕೆಫೀನ್ ತೂಕಡಿಕೆ ತಡೆಯುತ್ತದೆ, ವಿರಳತೆಯಿಂದ ಆಗುವ ತಪ್ಪನ್ನಲ್ಲ.

ಪ್ರಶ್ನೆ: ರಾತ್ರಿ ಆನೆಚೌಕೂರು ದಾರಿಯಲ್ಲಿ ಬರುವಾಗ ಆನೆ ಹತ್ತಿರ ಬರುವವರೆಗೂ ನನಗೆ ಕಾಣಲಿಲ್ಲ. ಫೋನು ಕೈಯಲ್ಲಿರಲಿಲ್ಲ, ಸ್ಪೀಕರಿನಲ್ಲಿ ಮಾತಾಡುತ್ತಿದ್ದೆ ಅಷ್ಟೆ.
– ಗೋಣಿಕೊಪ್ಪದ ಓದುಗರು

ಉತ್ತರ: ಆ "ಅಷ್ಟೆ"ಯೇ ಸಮಸ್ಯೆ. ಕೈ ಖಾಲಿಯಾದರೆ ಮಿದುಳು ಖಾಲಿಯಾಗುವುದಿಲ್ಲ. ಮಾತಿನಲ್ಲಿ ಮುಳುಗಿದ ಚಾಲಕರು ತಾವು ನೇರ ನೋಡಿದ ಫಲಕಗಳನ್ನೂ ಆಮೇಲೆ ಗುರುತಿಸಲಾಗದೆ ಹೋಗುವುದು ಪ್ರಯೋಗಗಳಲ್ಲಿ ಕಂಡಿದೆ. ಪರಿಣತಿಯೂ ಕಾಪಾಡದು: 2013ರ ಒಂದು ಅಧ್ಯಯನದಲ್ಲಿ ಶ್ವಾಸಕೋಶದ ಸಿಟಿ ಚಿತ್ರಗಳಲ್ಲಿ ಗಂಟು ಹುಡುಕುತ್ತಿದ್ದ 24 ರೇಡಿಯಾಲಜಿಸ್ಟ್‌ಗಳಲ್ಲಿ 20 ಮಂದಿ, ಅದೇ ಚಿತ್ರದಲ್ಲಿ ಸೇರಿಸಿದ್ದ ಗೊರಿಲ್ಲಾವನ್ನು ಗಮನಿಸಲಿಲ್ಲ. ಅದು ಗಂಟಿಗಿಂತ 48 ಪಟ್ಟು ದೊಡ್ಡದಿತ್ತು. ಪಕ್ಕದಲ್ಲಿ ಕೂತವರು ತಿರುವು ಬಂದಾಗ ಮಾತು ನಿಲ್ಲಿಸುತ್ತಾರೆ. ಫೋನಿನ ಆಚೆ ಇರುವವರಿಗೆ ತಿರುವು ಕಾಣದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡಿಗೆ 33 ಮೀಟರ್ ದಾಟಿರುತ್ತೀರಿ, 30ರಲ್ಲಾದರೆ 17. ಕಾಡಿನ ಅಂಚು ಸಿಗುವ ಮೊದಲೇ ಕರೆ ಕಡಿದು, ವೇಗ ಇಳಿಸಿ, ರಸ್ತೆಯ ಎರಡೂ ಅಂಚುಗಳನ್ನು ಸರದಿಯಂತೆ ಬೇಕೆಂದೇ ನೋಡುತ್ತಾ ಹೋಗಿ. ಮಂಜು ಬಿದ್ದಿದ್ದರೆ ದೀಪ ಡಿಮ್ಮಿನಲ್ಲಿರಲಿ.

ಪ್ರಶ್ನೆ: ಮಾವನವರಿಗೆ ಪಾರ್ಶ್ವವಾಯು ಆಗಿ ಮೂರು ವಾರ. ತಟ್ಟೆಯ ಬಲಗಡೆಯ ಕಡಂಬುಟ್ಟು (ಅಕ್ಕಿ ಕಡುಬು) ತಿಂದು "ಇನ್ನೆರಡು ಹಾಕು" ಎನ್ನುತ್ತಾರೆ, ಎಡಗಡೆಯದ್ದು ಹಾಗೇ ಇರುತ್ತದೆ. ಎಡಗಣ್ಣು ಹೋಗಿದೆಯೇ?
– ವಿರಾಜಪೇಟೆಯ ಗೃಹಿಣಿ

ಉತ್ತರ: ಕಣ್ಣು ಹೋಗಿರಲಿಕ್ಕಿಲ್ಲ. ಎಡಭಾಗಕ್ಕೆ ಗಮನ ಕಳಿಸುವ ವ್ಯವಸ್ಥೆ ಕೆಟ್ಟಿರುವಂತೆ ಕಾಣುತ್ತದೆ. ಮಿದುಳಿನ ಬಲಭಾಗಕ್ಕೆ, ಅದರಲ್ಲೂ ಪರೈಟಲ್ (ನೆತ್ತಿಯ ಹಿಂಬದಿಯ) ಭಾಗಕ್ಕೆ, ಪೆಟ್ಟಾದಾಗ ಹೀಗಾಗುವುದು ಸಾಮಾನ್ಯ. ಮಿಲಾನಿನಲ್ಲಿ 1978ರಲ್ಲಿ ಬಿಸಿಯಾಕ್ ಮತ್ತು ಲುಜ್ಜಾಟಿ ಇಂಥ ರೋಗಿಗಳಿಗೆ ಊರಿನ ದೊಡ್ಡ ಚೌಕವನ್ನು ಮನಸ್ಸಿನಲ್ಲೇ ನೆನೆದು ವರ್ಣಿಸಲು ಹೇಳಿದರು. ನೆನಪಿನ ಚಿತ್ರದಲ್ಲೂ ಎಡಗಡೆಯ ಕಟ್ಟಡಗಳೇ ಬಿಟ್ಟುಹೋದವು. ಎದುರು ಬದಿಯಲ್ಲಿ ನಿಂತಂತೆ ಕಲ್ಪಿಸಲು ಹೇಳಿದಾಗ ಮೊದಲು ಬಿಟ್ಟದ್ದು ಬಂತು, ಮೊದಲು ಹೇಳಿದ್ದು ಬಿಟ್ಟುಹೋಯಿತು. ಕಣ್ಣಿನ ಕಾಯಿಲೆಯಾಗಿದ್ದರೆ ಹಾಗಾಗದು.

ಮನೆಯಲ್ಲೇ ನೋಡಬಹುದು. ಹಾಳೆಯ ನಡುವೆ 20 ಸೆಂ.ಮೀ. ಅಡ್ಡಗೆರೆ ಎಳೆದು, ಹಾಳೆಯನ್ನು ಅವರ ಎದೆಯ ನೇರಕ್ಕೆ ಇಟ್ಟು, ಗೆರೆಯ ಮಧ್ಯಕ್ಕೆ ಗುರುತು ಹಾಕಲು ಹೇಳಿ. ಐದಾರು ಸಲ ಮಾಡಿಸಿದರೂ ಗುರುತು ಪ್ರತಿ ಸಲ ಬಲಕ್ಕೇ ಸರಿದಿದ್ದರೆ ಹಾಳೆಗಳನ್ನು ನರರೋಗ ವೈದ್ಯರಿಗೆ ತೋರಿಸಿ. ಎಡ ಅರ್ಧ ದೃಷ್ಟಿ ನಿಜವಾಗಿ ಹೋದವರು ಸಾಮಾನ್ಯವಾಗಿ ಅದನ್ನು ತಿಳಿದು ತಲೆ ತಿರುಗಿಸಿ ನೋಡಲು ಕಲಿಯುತ್ತಾರೆ. ಇವರಿಗೆ ಕೊರತೆಯೇ ಗೊತ್ತಾಗುವುದಿಲ್ಲ. ಕೆಲವರಿಗೆ ಎರಡೂ ಇರುತ್ತವೆ, ಅದನ್ನು ವೈದ್ಯರೇ ಬೇರ್ಪಡಿಸಬೇಕು.

ಊಟದ ಮೇಜಿನ ಎಡ ಅಂಚಿಗೆ ಕೆಂಪು ಟೇಪು ಅಂಟಿಸಿ, ತುತ್ತು ಎತ್ತುವ ಮೊದಲು ಆ ಟೇಪನ್ನು ಕಣ್ಣಿನಿಂದ ಹುಡುಕುವ ಅಭ್ಯಾಸ ಮಾಡಿಸಿ. ತಟ್ಟೆ ತಿರುಗಿಸಿಕೊಟ್ಟರೆ ಹೊಟ್ಟೆ ತುಂಬುತ್ತದೆ, ಅಭ್ಯಾಸವಾಗುವುದಿಲ್ಲ. ಆದ್ದರಿಂದ ಮೊದಲು ಹುಡುಕಿಸಿ, ಆಗದಿದ್ದರೆ ತಿರುಗಿಸಿ. ಮಾತಾಡುವಾಗ ಶುರುವಿಗೆ ಬಲಗಡೆ ಕೂತು, ದಿನ ಕಳೆದಂತೆ ಎಡಕ್ಕೆ ಸರಿಯುತ್ತಾ ಬನ್ನಿ. ಮಾತ್ರೆ, ನೀರು ಮತ್ತು ಕರೆಗಂಟೆ ಮಾತ್ರ ಬಲಗಡೆಯೇ ಇರಲಿ. ಬಿಸಿ ಒಲೆಯ ಹತ್ತಿರ ಒಬ್ಬರನ್ನೇ ಬಿಡಬೇಡಿ, ವೈದ್ಯರು ಒಪ್ಪುವವರೆಗೆ ಜೀಪಿನ ಕೀಲಿ ಕೊಡಬೇಡಿ. ಬಹಳ ಮಂದಿಗೆ ಮೊದಲ ಮೂರು ತಿಂಗಳಲ್ಲಿ ಸುಧಾರಣೆ ಕಾಣುತ್ತದೆ. ಮತ್ತೆ ಹೊಸದಾಗಿ ಮುಖ ವಾಲುವುದು, ಮಾತು ತೊದಲುವುದು ಕಂಡರೆ ಕಾಯಬೇಡಿ: ರಕ್ತದ ಹೆಪ್ಪು ಕರಗಿಸುವ ಔಷಧಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ, ಘಟ್ಟದ ದಾರಿಯ ಸಮಯವೂ ಅದರಲ್ಲೇ ಸೇರಿತು.