ಹೆಣ್ಣಿಗೆ ಪ್ಯಾಂಟು, ಗಂಡಿಗೆ ಸೀರೆ: ಬೈಬಲಿನಲ್ಲಿ ಏನಿದೆ?

*ಪಿಯುಸಿ ಓದುವ ಮಗಳು ಜೀನ್ಸ್ ತೊಟ್ಟು ಆರಾಧನೆಗೆ ಬಂದಳು. ಪಾಸ್ಟರ್ ಎಲ್ಲರೆದುರೇ ‘ಧರ್ಮೋಪದೇಶಕಾಂಡ 22:5 ಓದಿಕೊಂಡು ಬಾ’ ಅಂದರು. ಆ ವಾಕ್ಯ ನಿಜಕ್ಕೂ ಪ್ಯಾಂಟಿಗೆ ಅನ್ವಯಿಸುತ್ತದೆಯೇ?*
— ಒಬ್ಬ ತಾಯಿ, ಭದ್ರಾವತಿ

ಹೆಂಗಸು ಗಂಡಸಿನದನ್ನು ಹಾಕಬಾರದು, ಗಂಡಸು ಹೆಂಗಸಿನ ಉಡುಪು ತೊಡಬಾರದು, ಹಾಗೆ ಮಾಡುವವರು ದೇವರಿಗೆ ಅಸಹ್ಯ. ವಾಕ್ಯದ ಸಾರ ಇಷ್ಟು. ಕನ್ನಡದಲ್ಲಿ ಓದಿದರೆ ಇಬ್ಬರಿಗೂ ಒಂದೇ ಮಾತು ಹೇಳಿದಂತಿದೆ, ಹೀಬ್ರೂ ಮೂಲದಲ್ಲಿ ಹಾಗಿಲ್ಲ. ಗಂಡಸಿಗೆ ಬೇಡವೆಂದದ್ದು ಹೆಣ್ಣಿನ ‘ಸಿಮ್ಲಾ’, ಅಂದರೆ ಮೈಮೇಲೆ ಹೊದೆಯುವ ಬಟ್ಟೆ. ಹೆಂಗಸಿಗೆ ಬೇಡವೆಂದದ್ದು ‘ಕೆಲಿ ಗೆವೆರ್’. ‘ಕೆಲಿ’ ಅಂದರೆ ಸಾಮಾನು, ಸಲಕರಣೆ, ಆಯುಧ. ಬಟ್ಟೆಯೂ ಅದರೊಳಗೆ ಬರಬಹುದು. ಆದಿಕಾಂಡ 27:3ರಲ್ಲಿ ಇಸಾಕನು ಏಸಾವನಿಗೆ ಬೇಟೆಯ ಬಿಲ್ಲು ಬತ್ತಳಿಕೆ ತೆಗೆದುಕೊಂಡು ಹೋಗು ಅನ್ನುವಲ್ಲಿ ಇರುವುದೂ ಇದೇ ಪದ. ಅದಕ್ಕೇ ಯೆಹೂದ್ಯರ ಧರ್ಮಗ್ರಂಥ ತಾಲ್ಮುದ್‌ನಲ್ಲಿ ರಬ್ಬಿಯೊಬ್ಬರು ಈ ವಾಕ್ಯಕ್ಕೆ ‘ಹೆಂಗಸು ಆಯುಧ ಹಿಡಿದು ಯುದ್ಧಕ್ಕೆ ಹೋಗಬಾರದು’ ಎಂದು ಅರ್ಥ ಹೇಳಿದ್ದಾರೆ. 12ನೇ ಶತಮಾನದ ಯೆಹೂದ್ಯ ಪಂಡಿತ ಮೈಮೊನಿಡೀಸ್, ವೇಷ ಬದಲಿಸಿ ಮಾಡುತ್ತಿದ್ದ ವಿಗ್ರಹಪೂಜೆಯನ್ನು ತಡೆಯಲು ಈ ಆಜ್ಞೆ ಬಂತು ಅಂದರು.

ಇನ್ನು ಪ್ಯಾಂಟು. ಆ ಕಾಲದ ಇಸ್ರಾಯೇಲಿನಲ್ಲಿ ಜನಸಾಮಾನ್ಯರ ಪೈಕಿ ಗಂಡಸರೂ ಅದನ್ನು ತೊಡುತ್ತಿರಲಿಲ್ಲ. ಸೊಂಟದಿಂದ ತೊಡೆಯವರೆಗಿನ ನಾರಿನ ಚಡ್ಡಿ ವಿಮೋಚನಕಾಂಡ 28:42ರಲ್ಲಿ ಬರುತ್ತದೆ, ಅದೂ ಯಾಜಕರಿಗೆ. ಉಳಿದಂತೆ ಗಂಡು ಹೆಣ್ಣು ಇಬ್ಬರಿಗೂ ಒಳಗೊಂದು ನಿಲುವಂಗಿ, ಮೇಲೊಂದು ಹೊದಿಕೆ. ಅದೇ ‘ಸಿಮ್ಲಾ’ ವಿಮೋಚನಕಾಂಡ 22:27ರಲ್ಲಿ ಬಡ ಗಂಡಸಿನ ಹೊದಿಕೆಯಾಗಿದೆ! ಹೀಗಾಗಿ ವ್ಯತ್ಯಾಸವಿದ್ದದ್ದು ಆ ಊರಿನ ಜನ ಗುರುತಿಸುವ ಬಗೆಯಲ್ಲಿ: ಬಣ್ಣದಲ್ಲೋ, ಅಂಚಿನಲ್ಲೋ, ಉಡುವ ರೀತಿಯಲ್ಲೋ. ನಮ್ಮಲ್ಲೂ ಅಷ್ಟೇ. ಚೂಡಿದಾರಕ್ಕೂ ಎರಡು ಕಾಲಿದೆ, ಅದನ್ನು ಯಾರೂ ಗಂಡಸಿನ ಉಡುಪು ಅನ್ನುವುದಿಲ್ಲ. ಪಂಚೆಗೆ ಕಾಲೇ ಇಲ್ಲ, ಅದನ್ನು ಯಾರೂ ಹೆಂಗಸಿನದು ಅನ್ನುವುದಿಲ್ಲ. ಬಲ್ಗೇರಿಯದವರು ಪ್ಯಾಂಟಿನ ವಿಚಾರವನ್ನೇ ಕೇಳಿ ಬರೆದಾಗ ಪೋಪ್ ಒಂದನೇ ನಿಕೊಲಾಸ್ 866ರಲ್ಲಿ ಕೊಟ್ಟ ಉತ್ತರವೂ ಇದೇ ಧಾಟಿಯದು: ಹೊರಗಿನ ಉಡುಪು ಹೇಗಾದರೂ ಇರಲಿ, ನಮಗೆ ಬೇಕಾದದ್ದು ಒಳಗಿನ ಮನುಷ್ಯನ ಬದಲಾವಣೆ.

ವಾದಕ್ಕಿಳಿದಾಗ ಹಲವರು ಎಡವುವ ಜಾಗ ಒಂದಿದೆ. ‘ಅದೇ ಅಧ್ಯಾಯದ 11ನೇ ವಾಕ್ಯ ಉಣ್ಣೆ, ನಾರು ಕೂಡಿಸಿ ನೇಯ್ದದ್ದನ್ನು ಹಾಕಬೇಡ ಅನ್ನುತ್ತದೆ, ಅದನ್ನು ಯಾರು ಪಾಲಿಸುತ್ತಾರೆ?’ ಎಂದು ಕೇಳಿಬಿಡುತ್ತಾರೆ. ಓದಿಕೊಂಡ ಪಾಸ್ಟರ್ ಬಳಿ ಇದಕ್ಕೆ ಉತ್ತರ ಸಿದ್ಧವಿರುತ್ತದೆ: ‘ತೊಎವಾ’, ಅಂದರೆ ಅಸಹ್ಯ ಎಂಬ ಕಟುವಾದ ಪದ 5ನೇ ವಾಕ್ಯದಲ್ಲಿದೆ, 11ರಲ್ಲಿಲ್ಲ. ಸಂಪ್ರದಾಯವಾದಿಗಳ ಗಟ್ಟಿ ವಾದವೂ ಬಟ್ಟೆಯ ಅಳತೆಯದಲ್ಲ. ಇಟಲಿಯ ಜಿನೋವಾದ ಕಾರ್ಡಿನಲ್ ಸಿರಿ 1960ರ ಜೂನ್‌ನಲ್ಲಿ ಹೆಂಗಸರ ಪ್ಯಾಂಟಿನ ವಿರುದ್ಧ ಬರೆದಾಗ, ಪ್ಯಾಂಟು ಸ್ಕರ್ಟಿಗಿಂತ ಹೆಚ್ಚು ಮೈ ಮುಚ್ಚುತ್ತದೆ ಎಂದು ತಾವೇ ಒಪ್ಪಿಕೊಂಡಿದ್ದರು. ಅವರ ಆತಂಕ ಗಂಡು ಹೆಣ್ಣಿನ ನಡುವಿನ ಗೆರೆ ಅಳಿಸುತ್ತದೆ ಎಂಬುದು. ಅದನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಆದರೆ ಹೆಂಗಸರಿಗಾಗಿಯೇ ಹೊಲಿದು, ಹೆಂಗಸರ ಅಂಗಡಿಯಲ್ಲಿ ಮಾರುವ ಜೀನ್ಸಿನಿಂದ ಯಾವ ಗೆರೆ ಅಳಿಸುತ್ತದೆ ಎಂಬುದು ನಮಗಂತೂ ತಿಳಿಯದು.

ಪಾಸ್ಟರ್ ಜೊತೆ ಮಾತನಾಡುವುದಾದರೆ ಭಾನುವಾರ ಆರಾಧನೆ ಮುಗಿದ ಗದ್ದಲದಲ್ಲಿ ಬೇಡ, ವಾರದ ನಡುವೆ ಹೋಗಿ. ಇದು ಸಭೆಯ ಬರಹದ ನಿಯಮವೋ ಅವರ ಸ್ವಂತ ಅಭಿಪ್ರಾಯವೋ ಕೇಳಿ. ಎಲ್ಲರಿಗೂ ಅನ್ವಯಿಸುತ್ತದೋ, ಕಾಯರ್‌ನಲ್ಲಿ ಹಾಡುವವರಿಗೆ ಮಾತ್ರವೋ ಎಂಬುದನ್ನೂ ಕೇಳಿ. ಬರಹದ ನಿಯಮವಾದರೆ ಆ ಸಭೆಯಲ್ಲಿ ಇರುವಷ್ಟು ದಿನ ಪಾಲಿಸುವುದು ಮರ್ಯಾದೆ. ಅಭಿಪ್ರಾಯವಾದರೆ 1 ತಿಮೊಥೆಯ 2:9ನ್ನು ಮುಂದಿಡಿ. ಸಭ್ಯ ಉಡುಪು ಎಂದು ನೇರವಾಗಿ ಹೇಳುವ ವಾಕ್ಯ ಅದು. ಆದರೆ ಅದೇ ವಾಕ್ಯ ಚಿನ್ನ, ಮುತ್ತು, ಬೆಲೆಬಾಳುವ ಬಟ್ಟೆಯನ್ನೂ ಬೇಡ ಅನ್ನುತ್ತದೆ. ಆಗ ಮುಂದಿನ ಸಾಲಿನ ರೇಷ್ಮೆ ಸೀರೆಗಳ ಮಾತೂ ಬಂದೇ ಬರುತ್ತದೆ.

*ಕ್ರಿಸ್ಮಸ್ ನಾಟಕಕ್ಕೆ ಹುಡುಗಿಯರು ಸಿಗಲಿಲ್ಲ. ಮರಿಯಳ ಪಾತ್ರವನ್ನು ಹುಡುಗನೊಬ್ಬ ಮಾಡಿದರೆ ತಪ್ಪೇ?*
— ಯುವಕರ ಸಂಘ, ಹಾಸನ

ಇದು ಹಳೆಯ ಜಗಳ. ಆದಿಕಾಲದ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಧರ್ಮೋಪದೇಶಕಾಂಡ 22:5ನ್ನು ನಟರ ಮೇಲೆಯೇ ಹೊರಿಸಿದ್ದರು. 3ನೇ ಶತಮಾನದಲ್ಲಿ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮುಂದೆ ಒಂದು ಪ್ರಕರಣ ಬಂತು: ಕ್ರೈಸ್ತನಾದ ನಟನೊಬ್ಬ ತಾನು ನಟಿಸುವುದನ್ನು ಬಿಟ್ಟಿದ್ದ, ಆದರೆ ಹುಡುಗರಿಗೆ ಕಲಿಸುತ್ತಿದ್ದ. ಕೂಡದು, ಹೊಟ್ಟೆಪಾಡಿಗೆ ಬೇರೆ ದಾರಿಯಿಲ್ಲದಿದ್ದರೆ ಸಭೆಯೇ ಅನ್ನ ಹಾಕಲಿ ಅಂದರು ಸಿಪ್ರಿಯನ್. 692ರಲ್ಲಿ ಬಿಷಪರು ಕೂಡಿದ ತ್ರುಲ್ಲೋ ಸಭೆಯ 62ನೇ ನಿಯಮ ವೇಷ ಬದಲಿಸುವುದನ್ನೂ ನಾಟಕದ ಮುಖವಾಡವನ್ನೂ ಒಟ್ಟಿಗೇ ನಿಷೇಧಿಸಿತು. ಅವರ ಸಿಟ್ಟು ಹೆಚ್ಚಾಗಿ ಅನ್ಯದೇವತೆಗಳ ಉತ್ಸವಕ್ಕೆ ಅಂಟಿಕೊಂಡಿದ್ದ ಕುಣಿತ, ಅಶ್ಲೀಲದ ಮೇಲೆ.

ಕಥೋಲಿಕ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲಿ ಒಂದು ಬಾಗಿಲು ತೆರೆದಿಟ್ಟರು: ವೇಷ ಬದಲಿಸುವುದು ಪಾಪವೇ, ಆದರೆ ಶತ್ರುಗಳಿಂದ ಅಡಗಲು, ಬೇರೆ ಬಟ್ಟೆಯಿಲ್ಲದಾಗ, ಅಥವಾ ಇಂಥದೇ ಕಾರಣಕ್ಕೆ ಆದರೆ ಪಾಪವಲ್ಲ. ಹುಡುಗಿಯರು ಸಿಗದ ನಾಟಕವೂ ‘ಇಂಥದೇ ಕಾರಣ’ದೊಳಗೆ ಬರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಜನ ನಗುವಂತೆ ಸೊಂಟ ಬಳುಕಿಸಿ ಮಾಡಿದರೆ ಮಾತ್ರ ಹಿರಿಯರು ಎದ್ದು ನಿಲ್ಲುತ್ತಾರೆ. ನೀಲಿ ಮೇಲುಹೊದಿಕೆ ತಲೆಯಿಂದ ಪಾದದವರೆಗೆ ಇಳಿಬಿಡಿ, ಲಿಪ್‌ಸ್ಟಿಕ್ ಬೇಡ, ಮಾತು ಕಡಿಮೆಯಿರಲಿ.

*ಜೋನ್ ಆಫ್ ಆರ್ಕ್‌ಳನ್ನು ಸುಟ್ಟಿದ್ದು ಗಂಡಸಿನ ಬಟ್ಟೆ ಹಾಕಿದ್ದಕ್ಕೇ?*
— ಓದುಗ, ಕಲಬುರಗಿ

ಇಂಗ್ಲಿಷರ ವಿರುದ್ಧ ಫ್ರೆಂಚ್ ಸೈನ್ಯ ನಡೆಸಿದ ಹುಡುಗಿ ಆಕೆ. ರಾಜಕೀಯ ಬೇರೆ ಇತ್ತು, ಕೊನೆಗೆ ಸಿಕ್ಕ ನೆಪ ಬಟ್ಟೆ. 1431ರ ಮೇ 24ರಂದು ಆಕೆ ತಪ್ಪೊಪ್ಪಿಗೆಗೆ ಗುರುತು ಹಾಕಿ ಹೆಣ್ಣುಡುಪು ತೊಟ್ಟಳು. 28ರ ಹೊತ್ತಿಗೆ ಮತ್ತೆ ಗಂಡಸಿನ ಉಡುಪಿನಲ್ಲಿದ್ದಳು. ‘ಮತ್ತೆ ಪಾಪಕ್ಕೆ ಬಿದ್ದಳು’ ಎಂದು 30ರಂದು ಸುಟ್ಟರು. ಸೆರೆಮನೆಯಲ್ಲಿ ಅವಳ ಕಾವಲಿಗಿದ್ದವರು ಗಂಡಸು ಸೈನಿಕರು. ಮೇಲಂಗಿಗೆ ದಾರಗಳಿಂದ ಬಿಗಿದು ಕಟ್ಟುವ ಕಾಲುಡುಪು ಮಾನಕ್ಕೆ ರಕ್ಷಣೆಯಾಗಿತ್ತು. ಮರುವಿಚಾರಣೆಯಲ್ಲಿ ಮೇಲೆ ಹೇಳಿದ ಅಕ್ವಿನಾಸರ ಮಾತೇ ಆಕೆಯ ಪರ ನೆರವಿಗೆ ಬಂತು. 1456ರಲ್ಲಿ ಹಳೆಯ ತೀರ್ಪು ರದ್ದಾಯಿತು, 1920ರಲ್ಲಿ ಸಂತಳೆಂದು ಘೋಷಿಸಿದರು.

*ಪ್ರಾರ್ಥನೆಗೆ ತಲೆಯ ಮೇಲೆ ಮುಸುಕು ಕಡ್ಡಾಯವೇ? ಗಂಡಸರಿಗೆ ಯಾಕಿಲ್ಲ?*
— ಓದುಗರು, ಉಡುಪಿ

1 ಕೊರಿಂಥ 11ರಲ್ಲಿ ಎರಡೂ ಇದೆ: ಪ್ರಾರ್ಥಿಸುವ ಹೆಂಗಸು ತಲೆ ಮುಚ್ಚಬೇಕು, ಗಂಡಸು ಮುಚ್ಚಬಾರದು. ಕಥೋಲಿಕ ಬಿಷಪ್ ಪರಮಪ್ರಸಾದದ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರದ) ಮಹಾಪ್ರಾರ್ಥನೆ ನಡೆಯುವಾಗ ಕಿರೀಟದಂಥ ಟೋಪಿಯನ್ನಷ್ಟೇ ಅಲ್ಲ, ಒಳಗಿನ ಪುಟ್ಟ ಟೋಪಿಯನ್ನೂ ತೆಗೆದಿಡುವುದನ್ನು ಗಮನಿಸಿ. ಕಥೋಲಿಕರ 1917ರ ಧರ್ಮಸಂಹಿತೆಯಲ್ಲಿ ಹೆಂಗಸರಿಗೆ ಮುಸುಕಿನ ನಿಯಮವಿತ್ತು, 1983ರದರಲ್ಲಿ ಇಲ್ಲ. ಪೆಂತೆಕೊಸ್ತ್, ಬ್ರದರನ್ ಸಭೆಗಳಲ್ಲಿ ಮುಸುಕನ್ನು ಇಂದಿಗೂ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. ಅಂಥಲ್ಲಿಗೆ ಹೋಗುವಾಗ ಹತ್ತಿಯ ದುಪಟ್ಟಾ ಒಯ್ಯಿರಿ. ರೇಷ್ಮೆ, ಜಾರ್ಜೆಟ್ ಮೊಣಕಾಲೂರಿ ಏಳುವಷ್ಟರಲ್ಲಿ ಜಾರಿರುತ್ತದೆ.

*ತಮ್ಮ ಈಗ ಹೆಣ್ಣಾಗಿ ಬದುಕುತ್ತಿದ್ದಾಳೆ, ಸೀರೆ ಉಡುತ್ತಾಳೆ. ಹಬ್ಬದ ಪೂಜೆಗೆ ಕರೆದೊಯ್ಯಬಹುದೇ?*
— ಅಕ್ಕ, ಬೆಂಗಳೂರು

ಕರೆದೊಯ್ಯಿರಿ. ಸಭೆಗಳ ನಿಲುವು ಒಂದೇ ಥರ ಇಲ್ಲ ಎಂಬುದು ಮಾತ್ರ ಗೊತ್ತಿರಲಿ. ಲಿಂಗಪರಿವರ್ತಿತರಿಗೂ, ಜನರ ನಡುವೆ ಗೊಂದಲ ಹುಟ್ಟಿಸುವ ಪರಿಸ್ಥಿತಿ ಇಲ್ಲದಿದ್ದರೆ, ಉಳಿದವರಂತೆಯೇ ದೀಕ್ಷಾಸ್ನಾನ ಕೊಡಬಹುದೆಂದು ವ್ಯಾಟಿಕನ್ 2023ರ ಅಕ್ಟೋಬರ್ 31ರ ಉತ್ತರದಲ್ಲಿ ಹೇಳಿತು. 2024ರ ಏಪ್ರಿಲ್‌ನ ಇನ್ನೊಂದು ದಾಖಲೆಯಲ್ಲಿ ಲಿಂಗಪರಿವರ್ತನೆಯ ಶಸ್ತ್ರಚಿಕಿತ್ಸೆಯನ್ನು ವಿರೋಧಿಸಿತು. ಇಂಗ್ಲೆಂಡಿನ ಆಂಗ್ಲಿಕನ್ ಸಭೆ 2018ರಲ್ಲಿ, ದೀಕ್ಷಾಸ್ನಾನದ ವಿಶ್ವಾಸವನ್ನು ಮತ್ತೆ ದೃಢಪಡಿಸುವ ವಿಧಿಯನ್ನು ಇಂಥವರಿಗಾಗಿ ಬಳಸಲು ಮಾರ್ಗದರ್ಶನ ಕೊಟ್ಟಿತು. 22:5 ಹಿಡಿದು ತಡೆಯುವವರು ಮುಂದಿನ ಅಧ್ಯಾಯವನ್ನೂ ಓದಬೇಕು: 23:1 ಬೀಜ ಒಡೆದವರನ್ನು ದೇವರ ಸಭೆಯಿಂದ ಹೊರಗಿಡುತ್ತದೆ, ಯೆಶಾಯ 56 ನಪುಂಸಕರನ್ನೇ ಒಳಗೆ ಕರೆದು ಹೆಸರು ಕೊಡುತ್ತದೆ, ಅಪೊಸ್ತಲರ ಕೃತ್ಯಗಳು 8ರಲ್ಲಿ ಇಥಿಯೋಪ್ಯದ ಕಂಚುಕಿ (ನಪುಂಸಕ ಅಧಿಕಾರಿ) ದಾರಿಯಲ್ಲೇ ದೀಕ್ಷಾಸ್ನಾನ ಪಡೆಯುತ್ತಾನೆ.

ಹಬ್ಬದ ದಿನವೇ ಮೊದಲ ಸಲ ಹೋಗುವುದು ಬೇಡ, ಅವತ್ತು ಜನ ಹೆಚ್ಚು, ನೆಂಟರೂ ಹೆಚ್ಚು. ಎರಡು ವಾರ ಮುಂಚೆ ಫಾದರ್‌ಗೆ ಫೋನ್ ಮಾಡಿ, ಅವಳನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಹೇಳಿಡಿ. ಪರಮಪ್ರಸಾದ ಕೊಡುತ್ತಾರೋ ಇಲ್ಲವೋ ಆಗಲೇ ಕೇಳಿಬಿಡಿ. ಸಾಲಿನಲ್ಲಿ ನಿಂತಾಗ ‘ಇಲ್ಲ’ ಅನ್ನಿಸಿಕೊಳ್ಳುವುದಕ್ಕಿಂತ ಮನೆಯಲ್ಲಿ ಕೇಳಿಸಿಕೊಳ್ಳುವುದು ವಾಸಿ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ ಕೂರುವ ಚರ್ಚಾದರೆ ನೀವೇ ಮೊದಲು ಹೋಗಿ ಹೆಂಗಸರ ಬೆಂಚಿನ ತುದಿಯಲ್ಲಿ ಜಾಗ ಹಿಡಿದು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.