ಹಳೆಯ ಫಿಲ್ಮ್ ಕ್ಯಾಮೆರಾಕ್ಕೆ ಹೊಸ ಬ್ಯಾಟರಿ ಹಾಕಿದರೂ ಲೈಟ್ ಮೀಟರ್ ತಪ್ಪು ತೋರಿಸುವುದೇಕೆ?

ಬಹುಮಟ್ಟಿಗೆ ಆ ಹೊಸ ಬ್ಯಾಟರಿಯೇ ಕಾರಣ. ಕ್ಯಾನನೆಟ್ ಕ್ಯೂಎಲ್17ನಂತಹ ಕ್ಯಾಮೆರಾಗಳ ಬೆಳಕು ಅಳೆಯುವ ಮೀಟರನ್ನು 1.35 ವೋಲ್ಟ್‌ನ ಪಾದರಸದ ಬ್ಯಾಟರಿಗೆ ಹೊಂದಿಸಲಾಗಿತ್ತು. ಪಾದರಸ ವಿಷವೆಂದು ಅವುಗಳ ತಯಾರಿಕೆ ನಿಂತುಹೋಗಿದೆ. ಅದೇ ಗಾತ್ರದ ಇಂದಿನ ಆಲ್ಕಲೈನ್ ಬ್ಯಾಟರಿ 1.5 ವೋಲ್ಟ್ ಕೊಡುತ್ತದೆ. ಬೆಳಕು ಬಿದ್ದಷ್ಟೂ ಹೆಚ್ಚು ವಿದ್ಯುತ್ ಹರಿಯಬಿಡುವ ಸಂವೇದಕವೇ ಮೀಟರಿನ ಜೀವ. ವೋಲ್ಟೇಜ್ ಏರಿದರೂ ಹರಿವು ಹೆಚ್ಚುವುದರಿಂದ, ಬೆಳಕೇ ಹೆಚ್ಚಿದೆಯೆಂದು ಮೀಟರ್ ಭ್ರಮಿಸುತ್ತದೆ. ಅದನ್ನು ನಂಬಿ ಫಿಲ್ಮಿಗೆ ಕಡಿಮೆ ಬೆಳಕು ಬಿಟ್ಟಾಗ ಚಿತ್ರ ಕಪ್ಪಾಗುತ್ತದೆ. ಆಲ್ಕಲೈನ್ ವೋಲ್ಟೇಜ್ ಬಳಸುತ್ತಾ ಹೋದಂತೆ ಇಳಿಯುವುದರಿಂದ ತಪ್ಪೂ ಒಂದೇ ಸಮನಾಗಿರುವುದಿಲ್ಲ.

ಶ್ರವಣ ಸಾಧನದ 675 ಗಾತ್ರದ ಜಿಂಕ್-ಏರ್ ಬ್ಯಾಟರಿ ಹಾಕಿ. ಅದರದು ಸುಮಾರು 1.4 ವೋಲ್ಟ್. ಅಗಲ ಕಡಿಮೆ, ಸುತ್ತ ರಬ್ಬರ್ ಉಂಗುರ ಬೇಕಾಗುತ್ತದೆ. ಬ್ಯಾಟರಿ ಗೂಡಿನಲ್ಲಿ ಹಸಿರು ಕಿಲುಬಿದ್ದರೆ ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಒಣಗಿಸಿ.

ಬಳಿಕ ನಡುಹಗಲಿನ ನಿಚ್ಚಳ ಬಿಸಿಲಿನಲ್ಲಿ ಪರೀಕ್ಷಿಸಿ: ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) 100ಕ್ಕೆ ಲೆನ್ಸಿನ ಕಿಂಡಿ ಎಫ್/16, ಶಟರ್ ವೇಗ ಸೆಕೆಂಡಿನ 1/125ರ ಆಸುಪಾಸು ಬರಬೇಕು. ನೆರಳಿನಲ್ಲೂ ಬಿಸಿಲಿನಲ್ಲೂ ಒಂದೇ ಪ್ರಮಾಣದ ತಪ್ಪಿದ್ದರೆ ಕ್ಯಾಮೆರಾದಲ್ಲಿ ಹೊಂದಿಸುವ ಐಎಸ್‌ಒ ಬದಲಿಸಿ ಸರಿದೂಗಿಸಬಹುದು. ಒಂದೊಂದು ಕಡೆ ಒಂದೊಂದು ತೋರಿಸಿದರೆ ಸಂವೇದಕವೇ ಸವೆದಿರುವ ಸಾಧ್ಯತೆ ಹೆಚ್ಚು. ಆಗ ರಿಪೇರಿಗೆ ದುಡ್ಡು ಸುರಿಯುವ ಬದಲು ಮೊಬೈಲಿನ ಮೀಟರ್ ಆ್ಯಪ್ ಬಳಸುವುದೇ ಲೇಸು.