ಛದ್ಮಮೂಲಾಧಿಕಾರ ಬೇಡ, ಫೇಕ್‌ರೂಟ್ ಸಾಕು

ಪ್ರಿಯ ಲೇಖಕರೇ,

ಫೇಕ್‌ರೂಟ್ (ಸಾಮಾನ್ಯ ಬಳಕೆದಾರನಿಗೆ 'ರೂಟ್' ಎಂಬ ಸರ್ವಾಧಿಕಾರಿ ಬಳಕೆದಾರನ ವೇಷ ಹಾಕುವ ಸಾಧನ) ಬಳಸಿ ಲಿನಕ್ಸ್ ಫೈಲ್‌ಸಿಸ್ಟಮ್ ಕಟ್ಟುವಾಗ ಒಳಗಿನ ಫೈಲುಗಳನ್ನು ಕೆಡದಂತೆ ತಿದ್ದುವ ಬಗೆಯನ್ನು ಕುರಿತ ನಿಮ್ಮ ಹನ್ನೆರಡು ಪುಟಗಳ ಲೇಖನವನ್ನು ಮೆಟ್ರೊದಲ್ಲಿ ಓದಿದೆ. ವೈಟ್‌ಫೀಲ್ಡಿನಲ್ಲಿ ಓದಲು ಹಿಡಿದವನು ಇಂದಿರಾನಗರ ತಲುಪಿದರೂ ನೀವಿನ್ನೂ 1991ರಲ್ಲೇ, ಲಿನಕ್ಸ್ ಹುಟ್ಟಿದ ಕಥೆಯಲ್ಲೇ ಇದ್ದಿರಿ. ಆ ಮೂರು ಪುಟ ತೆಗೆಯಿರಿ. ಫೇಕ್‌ರೂಟನ್ನು 'ಛದ್ಮಮೂಲಾಧಿಕಾರ' ಎಂದಿದ್ದೀರಿ. ಕರಡು ತಿದ್ದುವವರು ಇದನ್ನು ಯೋಗದ ಲೇಖನವೆಂದುಕೊಂಡರು.

ನಿಜವಾದ ಲೇಖನ ಆರನೆಯ ಪುಟದಲ್ಲಿದೆ. 'ಫೇಕ್‌ರೂಟ್ ಮಾಲೀಕರನ್ನು ನೆನಪಿಟ್ಟುಕೊಳ್ಳುತ್ತದೆ' ಎಂದು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಹೇಗೆ ನೆನಪಿಟ್ಟುಕೊಳ್ಳುತ್ತದೆ? ಫೈಲಿನ ಮಾಲೀಕನನ್ನು ಬದಲಿಸುವ ಚೌನ್ ಕಮಾಂಡ್ ಕೊಟ್ಟಾಗ ಡಿಸ್ಕಿನ ಮೇಲೆ ಮಾಲೀಕ ಬದಲಾಗುವುದೇ ಇಲ್ಲ. ಹಿನ್ನೆಲೆಯಲ್ಲಿ ಓಡುವ ಫೇಕ್ಡ್ ಎಂಬ ಪ್ರೋಗ್ರಾಮ್ ತನ್ನ ಪಟ್ಟಿಯಲ್ಲಿ ಗುರುತು ಮಾಡಿಕೊಳ್ಳುತ್ತದೆ. ಗುರುತು ಇರುವುದು ಡಿಸ್ಕಿನಲ್ಲಿ ಪ್ರತಿ ಫೈಲಿಗೂ ಇರುವ ಐನೋಡ್ ಎಂಬ ಸಂಖ್ಯೆಗೆ, ಫೈಲಿನ ಹೆಸರಿಗಲ್ಲ. ಬೆಂಗಳೂರಿನಲ್ಲಿ ನಿವೇಶನ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಖಾತೆ ಇರುವುದು ಸಂಖ್ಯೆಗೆ, ಗೇಟಿನ ಮೇಲಿನ ಹೆಸರಿಗಲ್ಲ.

ಈಗ ನಿಮ್ಮದೇ ಉದಾಹರಣೆ ನೋಡಿ. ಪಟ್ಟಿಯನ್ನು ಉಳಿಸಿ, ಫೇಕ್‌ರೂಟಿನಿಂದ ಹೊರಬಂದು, ಪಠ್ಯ ತಿದ್ದುವ ಸೆಡ್ ಕಮಾಂಡಿನ 'ಐ' ಆಯ್ಕೆಯಿಂದ ಒಂದು ಸಾಲು ಬದಲಿಸಿದ್ದೀರಿ. ಸೆಡ್ ಹಳೆಯ ಫೈಲನ್ನು ತಿದ್ದುವುದಿಲ್ಲ. ಹೊಸದೊಂದನ್ನು ಬರೆದು ಹಳೆಯ ಹೆಸರಿಡುತ್ತದೆ. ಐನೋಡ್ ಹೊಸದು, ಪಟ್ಟಿಯಲ್ಲಿ ಅದಿಲ್ಲ. ಮತ್ತೆ ಒಳಹೊಕ್ಕಾಗ ಫೈಲು ರೂಟ್‌ನದಾಗಿ ಕಾಣುತ್ತದೆ. ಮಾಲೀಕ ಮಾತ್ರ ಓದಬಹುದಾದ ಫೈಲಾದರೆ, ಅದನ್ನು ಓದಬೇಕಾದ ಸೇವೆ ಬೂಟ್ ಆದಾಗ ಮೇಲೇಳುವುದಿಲ್ಲ. ಖಾಲಿಯಾದ ಹಳೆಯ ಸಂಖ್ಯೆ ಇನ್ನೊಂದು ಫೈಲಿಗೆ ಸಿಕ್ಕರೆ ಹಳೆಯ ಮಾಲೀಕ ಅದರ ಮೇಲೆ ಹೋಗಿ ಕೂರುತ್ತಾನೆ. ನಿಮಗೆ ಹೀಗಾಗಲಿಲ್ಲ, ಏಕೆಂದರೆ ನೀವು ತಿದ್ದಿದ್ದು ಮೊದಲೇ ರೂಟ್‌ನ ಫೈಲು. ಅದೃಷ್ಟವನ್ನು ವಿಧಾನವೆಂದು ಬರೆದಿದ್ದೀರಿ. ತಿದ್ದುವುದು, ಮಾಲೀಕರನ್ನು ನಮೂದಿಸುವುದು, ಬೋರ್ಡಿಗೆ ಹಾಕುವ ಇಮೇಜ್ ಕಟ್ಟುವುದು, ಮೂರೂ ಒಂದೇ ಫೇಕ್‌ರೂಟ್ ಅವಧಿಯೊಳಗೆ ನಡೆಯಲಿ. ಇಂಥ ಇಮೇಜ್ ಕಟ್ಟಿಕೊಡುವ ಬಿಲ್ಡ್‌ರೂಟ್ ಬಳಸುವವರಿಗೆ ಇದಕ್ಕೆಂದೇ ಪೋಸ್ಟ್ ಫೇಕ್‌ರೂಟ್ ಸ್ಕ್ರಿಪ್ಟ್ ಇದೆ. ಅದರ ಸುದ್ದಿಯೇ ಇಲ್ಲ.

ಒಂಬತ್ತನೆಯ ಪುಟದ 'ಅನುಮತಿ ಸಿಗದಿದ್ದರೆ ಸುಡೊ ಬಳಸಿ' ಎಂಬ ಸಾಲನ್ನು ನಾನು ಅಚ್ಚು ಹಾಕಿಸುವುದಿಲ್ಲ. ಸುಡೊ ಕೊಡುವುದು ವೇಷವನ್ನಲ್ಲ, ನಿಜವಾದ ರೂಟ್ ಅಧಿಕಾರವನ್ನು. ಕಟ್ಟುತ್ತಿರುವ ಫೈಲುಗಳ ಮರದಲ್ಲಿನ ರಿಸಾಲ್ವ್ ಕಾನ್ಫ್ (ಡಿಎನ್‌ಎಸ್ ಸರ್ವರಿನ ವಿಳಾಸವಿರುವ ಫೈಲು) ಕೆಲವು ಸಲ 'ರನ್' ಡೈರೆಕ್ಟರಿಗೆ ಪೂರ್ಣ ಪಥದಲ್ಲಿ, ಅಂದರೆ ಯಂತ್ರದ ಬುಡದಿಂದಲೇ, ತೋರಿಸುವ ಸಿಮ್‌ಲಿಂಕ್ (ಬೇರೆ ಫೈಲಿನತ್ತ ಕೈತೋರುವ ಫಲಕ) ಆಗಿರುತ್ತದೆ. ಅದಕ್ಕೆ ಬರೆದದ್ದು ಹೋಗಿ ಬೀಳುವುದು ಓದುಗನ ಸ್ವಂತ ಯಂತ್ರದ 'ರನ್' ಒಳಗೆ. ಫೇಕ್‌ರೂಟ್‌ಗೆ ನಿಜವಾದ ಅಧಿಕಾರವಿಲ್ಲದ್ದರಿಂದ ಅಲ್ಲಿ ತಡೆ ಬೀಳುತ್ತದೆ. ಸುಡೊಗೆ ಯಾವ ತಡೆಯೂ ಇಲ್ಲ.

ಕೊನೆಯ ಪುಟದಲ್ಲಿ ರಾತ್ರಿ ಎರಡು ಗಂಟೆಗೆ ಬೋರ್ಡಿನ ಸೀರಿಯಲ್ ಕನ್ಸೋಲ್ ನೋಡುತ್ತಾ ತಣ್ಣಗಾದ ಚಿತ್ರಾನ್ನ ತಿಂದದ್ದನ್ನು ಬರೆದಿದ್ದೀರಲ್ಲ, ಲೇಖನ ಅಲ್ಲಿಂದಲೇ ಶುರುವಾಗಲಿ. ಐದು ಪುಟ ಮೀರದಂತೆ ಬರೆದು ಕಳುಹಿಸಿ. ಪೆಂಗ್ವಿನ್ ಚಿತ್ರ ಬೇಡ.

ಇಂತಿ,
ಸಂಪಾದಕ